ಚೀಟಿಯಿಂದ ನಾನು ಕತ್ತರಿಸಿದ ಸಾಲು

ನಿಂಗೇಗೌಡರು ಮರೆತಿರಲಿಲ್ಲ. ಕಿರಿಯ ಮಗಳ ತಾಳಿಯ ವಿಷಯದಲ್ಲಿ ಹೇಳಬೇಕಾದ್ದನ್ನೆಲ್ಲ ಅವರು ಫೋನಿನಲ್ಲಿ ಹೇಳಿದ್ದರು — ಸ್ಪಷ್ಟವಾಗಿ, ಒಂದನ್ನೂ ಬಿಡದೆ. ಕೊನೆಯ ಮಾತನ್ನು ಕತ್ತರಿಸಿದವನು ನಾನು. ಆಮೇಲೆ ಅವರೆದುರಿಗೇ ನಿಂತು, ಅಂಥ ಮಾತು ಗೊತ್ತೇ ಇಲ್ಲ ಎನ್ನುವಂತೆ ಮಾತಾಡಿದವನೂ ನಾನೇ.

ಅವರು ಬದುಕಿದ್ದಾಗ ಇದನ್ನು ಹೇಳಲಿಲ್ಲ. ಹೇಳಲು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿದ್ದವು.

ತೊಂಬತ್ತರ ದಶಕದ ಕೊನೆ. ನಾನಾಗ ಪಾಂಡವಪುರದಲ್ಲಿ ಮೈಸೂರಿನ ದಿನಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ನಮ್ಮ ಬೀದಿಯಲ್ಲಿ ಫೋನಿದ್ದದ್ದು ನನ್ನ ಮನೆಯಲ್ಲಿ ಮಾತ್ರ, ಸುದ್ದಿ ಕೊಡಲೆಂದು ಹಾಕಿಸಿದ್ದು. ಬೀದಿಯ ಅಂಗಡಿಯವರೆಲ್ಲ ತಮ್ಮ ಬಿಲ್ಲಿನ ಮೇಲೆ ನನ್ನ ನಂಬರನ್ನೇ ಅಚ್ಚು ಹಾಕಿಸಿ ಪಕ್ಕದಲ್ಲಿ ‘ಪಿ.ಪಿ.’ ಎಂದು ಸೇರಿಸಿದ್ದರು. ಫೋನು ನೆರೆಮನೆಯದು, ವಿಷಯ ತಲುಪಿಸುತ್ತಾರೆ ಎಂದು ಅದರರ್ಥ. ನಾಗಮಂಗಲ, ಕೆ.ಆರ್.ಪೇಟೆ, ಶ್ರೀರಂಗಪಟ್ಟಣದ ಎಸ್‌ಟಿಡಿ ಬೂತುಗಳಿಂದ ಜನ ಫೋನು ಮಾಡಿ ಬೇಕಾದ ಸಾಮಾನು ಹೇಳುತ್ತಿದ್ದರು — ಬಾಗಿಲಿಗೆ ಬಳಿಯುವ ಬಣ್ಣ, ಪಂಪ್‌ಸೆಟ್ಟಿನ ವಾಷರು, ಹಬ್ಬಕ್ಕೆ ಸೀರೆ. ನಾನು ಚೀಟಿ ಬರೆದು ಅಂಗಡಿಗೆ ಕೊಡುತ್ತಿದ್ದೆ. ಸಾಮಾನು ಮಧ್ಯಾಹ್ನದ ಬಸ್ಸಿನಲ್ಲಿ ಕಂಡಕ್ಟರನ ಕೈಯಲ್ಲಿ ಊರು ಸೇರುತ್ತಿತ್ತು. ಈ ಫೋನಿನ ವ್ಯಾಪಾರವನ್ನು ಹೊಗಳಿ ನಾನು ಪತ್ರಿಕೆಯಲ್ಲಿ ಒಂದು ಲೇಖನವನ್ನೂ ಬರೆದಿದ್ದೆ. ಬಸ್ಸು ಹತ್ತಿ ಬರುವ ಅಗತ್ಯವೇ ಇನ್ನಿಲ್ಲ ಎಂದು ಅದರಲ್ಲಿ ಬರೆದ ನೆನಪು.

ಹೊಣಕೆರೆಯ ನಿಂಗೇಗೌಡರು ಅದನ್ನು ಓದಿದ್ದರು. ಹಸು ಸಾಕಿಕೊಂಡಿದ್ದ ದೊಡ್ಡ ಕುಟುಂಬದವರು, ಊರಿನ ಹಾಲಿನ ಡೈರಿಯ ಅಧ್ಯಕ್ಷರು. ಅವರ ಮನೆಯ ಚಿನ್ನದ ಕೆಲಸವೆಲ್ಲ ನನ್ನ ಎದುರುಮನೆಯ ಅಕ್ಕಸಾಲಿ ನಂಜುಂಡಾಚಾರ್ಯರದು, ಅವರಪ್ಪನ ಕಾಲದಿಂದಲೂ. ತಾಳಿ ಮಾಡಿಸಬೇಕೆಂದರೆ ಅಕ್ಕಿ, ಬೆಲ್ಲ, ವೀಳ್ಯ ಹಿಡಿದು ಆಚಾರ್ಯರ ಮುಂದೆ ಬಂದು ಕೂತು ಹೇಳುವುದು ರೂಢಿ. ಆ ಸಲ ಗೌಡರು ಬರಲಿಲ್ಲ. ಅಕ್ಕಿ ಬೆಲ್ಲವನ್ನು ಬಸ್ಸಿನಲ್ಲಿ ಕಳಿಸಿ, ಮಾತನ್ನು ಫೋನಿನಲ್ಲಿ ಹೇಳಿದರು.

ಅವರು ಹೇಳುತ್ತ ಹೋದಂತೆ ನಾನು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡೆ. ಎರಡು ತಾಳಿ — ಒಂದು ತೌರಿನದು, ಒಂದು ಗಂಡಿನ ಮನೆಯದು. ತೌರಿನದು ಹಿರಿಯ ಮಗಳಿಗೆ ಮಾಡಿದಂತೆಯೇ ಇರಲಿ. ಗಂಡಿನ ಮನೆ ಮಾಕವಳ್ಳಿ, ಅವರ ತಾಳಿಯ ಮಾಟ, ಎಂದರೆ ಆಕಾರ, ಬೇರೆ. ಗಂಡಿನ ತಾಯಿಯ ಕೊರಳಲ್ಲಿರುವುದೇ ಮಾದರಿ. ಗಂಡ ಬದುಕಿರುವಾಗ ಅದನ್ನು ಬಿಚ್ಚಿ ಕಳಿಸುವಂತಿಲ್ಲ; ಆದ್ದರಿಂದ ಆಚಾರ್ಯರೇ ಹೋಗಿ ನೋಡಿಕೊಂಡು ಬರಬೇಕು.

ಅಷ್ಟರಲ್ಲಿ ಮೈಸೂರಿಗೆ ಫೋನಿನಲ್ಲಿ ಸುದ್ದಿ ಓದಿ ಹೇಳುವ ಹೊತ್ತಾಗಿತ್ತು. ಅವಸರದಲ್ಲಿ ಚೀಟಿ ಬರೆದೆ. ಸುದ್ದಿಮನೆಯಲ್ಲಿ ನಮಗೆ ಕಲಿಸಿದ್ದು ಒಂದೇ: ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸು. ಕೈಗೆ ಅದೇ ಅಭ್ಯಾಸ. ಎರಡು ತಾಳಿ, ಗುಂಡು ಸಮೇತ, ಹಿರಿಯ ಮಗಳಿಗೆ ಮಾಡಿದಂತೆ, ಇಂಥ ದಿನದೊಳಗೆ. ಮಾಕವಳ್ಳಿ ಕೆಳಗೆ ಉಳಿಯಿತು. ಉಳಿಯಿತು ಎನ್ನುವುದೂ ತಪ್ಪು — ಬಿಡಬಹುದು ಎಂದು ಯೋಚಿಸಿಯೇ ಬಿಟ್ಟೆ. ಪತ್ರಿಕೆಗೆ ಸುದ್ದಿ ಕೊಟ್ಟಾಗ ಒಮ್ಮೆ ತಿರುಗಿ ಓದಿ ಹೇಳಿಸಿಕೊಳ್ಳುತ್ತಿದ್ದ ನಾನು, ಗೌಡರಿಗೆ ಅದನ್ನು ಓದಿ ಹೇಳಲಿಲ್ಲ.

ಆಚಾರ್ಯರು ಚೀಟಿಯಲ್ಲಿದ್ದಂತೆ ಎರಡನ್ನೂ ಒಂದೇ ಮಾಟದಲ್ಲಿ ಮಾಡಿ, ಅರಿಶಿನದ ಬಟ್ಟೆಯಲ್ಲಿ ಕಟ್ಟಿಕೊಟ್ಟರು. ಆ ಗಂಟನ್ನು ಮದುವೆ ಮನೆಯಲ್ಲಿ ದೇವರ ಮುಂದೆಯೇ ಬಿಚ್ಚುವುದು ಗೌಡರ ಮನೆಯ ಪದ್ಧತಿ. ಬಿಚ್ಚಿದಾಗ ಗಂಡಿನ ತಾಯಿ ಒಂದು ತಾಳಿಯನ್ನು ಎತ್ತಿ ನೋಡಿ, ಇದು ನಮ್ಮದಲ್ಲ ಎಂದರಂತೆ. ಮುಹೂರ್ತ ಮೀರುತ್ತಿತ್ತು. ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಧಾರೆ ಮುಗಿಸಿದರು.

ಮೂರನೆಯ ದಿನ ಗೌಡರು ಆಚಾರ್ಯರ ಅಂಗಡಿಗೆ ಬಂದರು. ದನಿ ಕೇಳಿ ನಾನು ಬಾಗಿಲಿಗೆ ಬಂದೆ.

“ಏನ್ ಆಚಾರ್ರೇ, ಮಾಕವಳ್ಳೀಗೆ ಓಗ್ಬನ್ನಿ ಅಂತ ಯೋಳಿದ್ನಲ್ಲ, ಯಾಕ್ ಓಗ್ಲಿಲ್ಲ? ಆವಮ್ಮ ನಿಮ್ ದಾರಿ ಕಾಯ್ಕೊಂಡ್ ಕೂತಿದ್ರಂತೆ.”

“ಮಾಕವಳ್ಳೀನಾ? ನಂಗ್ಯಾರ್ ಯೋಳಿದ್ರು ಗೌಡ್ರೇ? ಚೀಟಿ ಇಲ್ಲೇ ಅದೆ, ನೀವೇ ನೋಡಿ.”

ಗೌಡರು ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಅಕ್ಷರ ಅಕ್ಷರ ಓದಿದರು. ಹಿಂದೆ ತಿರುಗಿಸಿಯೂ ನೋಡಿದರು. ಆಮೇಲೆ ನನ್ನನ್ನು ಕಂಡರು. ಅವರ ಮುಖದಲ್ಲಿ ಸಮಾಧಾನ ಮೂಡಿತು — ಸಾಕ್ಷಿ ಸಿಕ್ಕಿತು ಎಂಬಂತೆ.

“ಬರ್ಕೊಂಡೋರು ಇಲ್ಲೇ ಅವ್ರಲ್ಲ! ಸಾ, ನೀವೇ ಯೋಳಿ. ಮಾಕವಳ್ಳಿ ಮಾತು ನಾನು ಯೋಳ್ನೋ ಇಲ್ವೋ?”

ಬೀದಿಯಲ್ಲಿ ನಾಲ್ಕೈದು ಜನ ನಿಂತಿದ್ದರು. ನಾನು ಬರೆದದ್ದರಲ್ಲಿ ತಪ್ಪಿರುವುದಿಲ್ಲ ಎಂದು ನಂಬಿದ್ದವರು.

“ಚೀಟೀಲಿ ಏನಿದೆಯೋ ಅಷ್ಟೇ ಗೌಡ್ರೇ, ನನಗೆ ಗೊತ್ತಿರೋದು,” ಎಂದೆ.

ಅವರು ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಆಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ — ಗೊತ್ತಿಲ್ಲ. ಅವರು ಆಡಲಿಲ್ಲ. ಚೀಟಿಯನ್ನು ಮತ್ತೊಮ್ಮೆ ನೋಡಿ, ಅಂಗಡಿಯ ಜಗಲಿಯ ಮೇಲೆ ಕುಳಿತುಬಿಟ್ಟರು.

“ಯೋಳ್ದೆ ಅಂತ್ಲೇ ನೆಪ್ಪು... ಬೂತಲ್ಲಿ ಜನ ಇದ್ರು, ಗಲಾಟೆ... ಮರ್ತ್ಬುಟ್ನೇನೋ. ಮಗ್ಳ ತಾಳೀನೇ ಮರ್ತೋನು ನಾನೆಂಥಾ ಅಪ್ಪ ಆಚಾರ್ರೇ?”

“ಬುಡಿ ಗೌಡ್ರೇ. ಮದ್ವೆ ಮನೆ ಅಂದ್ಮೇಲೆ ನೂರೆಂಟು ಯೋಚ್ನೆ. ಇನ್ನೊಂದ್ ಮಾಡ್ಕೊಡ್ತೀನಿ,” ಎಂದರು ಆಚಾರ್ಯರು.

ಒಳಗೆ ಹೋಗಿ ನೋಟ್‌ಬುಕ್ಕು ತೆರೆದೆ. ಮಾಕವಳ್ಳಿ ಅಲ್ಲಿತ್ತು. ಗೌಡರು ಇನ್ನೂ ಎದುರಿಗೇ ಕುಳಿತಿದ್ದರು, ನೀರು ಕುಡಿಯುತ್ತ. ಬೀದಿ ದಾಟಿದರೆ ಆಗಿತ್ತು. ದಾಟಲಿಲ್ಲ.

ಆಮೇಲೆ ನಡೆದದ್ದನ್ನು ಕಂಡಷ್ಟು, ಕೇಳಿದಷ್ಟು ದಾಖಲಿಸುತ್ತೇನೆ. ತಪ್ಪು ತಮ್ಮದೇ ಎಂದು ಗೌಡರು ಬೀಗರ ಮನೆಗೆ ಹೋಗಿ ಒಪ್ಪಿಕೊಂಡರು. ವರ್ಷದೊಳಗೆ ಡೈರಿಯ ಅಧ್ಯಕ್ಷಗಿರಿ ಬಿಟ್ಟರು. ಮರೆವಿನವನ ಕೈಯಲ್ಲಿ ಊರಿನ ಡೈರಿ ಯಾಕೆ ಎಂದು ಅವರೇ ಸಭೆಯಲ್ಲಿ ಹೇಳಿದರಂತೆ. ಮನೆಯಲ್ಲಿ ಯಾವ ಜವಾಬ್ದಾರಿ ಬಂದರೂ ಅವರಣ್ಣ, “ಲೇ, ನೀನ್ ಬ್ಯಾಡ ಕಣ್ಲಾ, ಮಗ್ಳ ತಾಳೀನೇ ಮರ್ತೋನು ನೀನು,” ಎಂದು ನಗುತ್ತಿದ್ದರಂತೆ. ಗೌಡರೂ ಜೊತೆಗೆ ನಗುತ್ತಿದ್ದರಂತೆ. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡು, ಎಲ್ಲವನ್ನೂ ಬರೆದುಕೊಳ್ಳತೊಡಗಿದರು.

ನನ್ನ ನಂಬರಿಗೆ ಫೋನು ಮಾಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಕಾಲುಂಗುರವೋ ಓಲೆಯ ತಿರುಪೋ, ಹೇಳಿ ಮುಗಿಸಿದ ಮೇಲೆ ಪ್ರತಿಸಲವೂ ಕೇಳುತ್ತಿದ್ದರು: “ಸಾ, ಒಂದ್ಸಲ ಓದಿ ಯೋಳ್ಬುಡಿ. ನಂದು ಮರೆವು, ನಿಮ್ಗೇ ಗೊತ್ತಲ್ಲ.”

ಓದಿ ಹೇಳುತ್ತಿದ್ದೆ. ಪ್ರತಿಸಲವೂ, ಒಂದಕ್ಷರ ಬಿಡದೆ.

ಕೆಲಸದಿಂದ ನಿವೃತ್ತನಾಗುವವರೆಗೆ ಎಷ್ಟೋ ತಿದ್ದುಪಡಿಗಳನ್ನು ಪತ್ರಿಕೆಗೆ ಕಳಿಸಿದೆ. ಹೆಸರು ತಪ್ಪಾದರೆ, ಊರು ತಪ್ಪಾದರೆ, ಮರುದಿನವೇ. ಅದು ನನ್ನ ಶಿಸ್ತು ಎಂದು ಹೆಮ್ಮೆಯಿತ್ತು.

ಗೌಡರು ತೀರಿಕೊಂಡದ್ದು ಈಚೆಗೆ. ತಿಥಿಗೆ ಹೊಣಕೆರೆಗೆ ಹೋಗಿದ್ದೆ. ಆಚಾರ್ಯರೂ ಬಂದಿದ್ದರು. ಊಟದ ಸಾಲಿನಲ್ಲಿ ಯಾರೋ ತಾಳಿಯ ಕಥೆ ತೆಗೆದರು. ಪ್ರೀತಿಯಿಂದಲೇ ಎಲ್ಲರೂ ನಕ್ಕರು. ನಾನು ಎಲೆ ನೋಡುತ್ತ ಕುಳಿತೆ. ಊಟವಾದ ಮೇಲೆ ಆ ತಾಳಿಯ ಮಗಳು, ಭಾಗ್ಯ, ಮೊಬೈಲು ಹಿಡಿದು ನನ್ನ ಬಳಿಗೆ ಬಂದಳು. ಅವಳಿಗೂ ಈಗ ಕೂದಲು ಬೆಳ್ಳಗಾಗುತ್ತಿದೆ. ಅಪ್ಪನ ಫೋಟೋಗೆ ಹೆಸರು ಕೆತ್ತಿದ ಚೌಕಟ್ಟನ್ನು ಆ್ಯಪ್‌ನಲ್ಲಿ ತರಿಸುತ್ತಿದ್ದಳು. ಆರ್ಡರ್ ಸರಿಯಿದೆಯೇ, ಇನ್ನೊಮ್ಮೆ ನೋಡಿ ಎಂದು ಪರದೆ ಕೇಳುತ್ತಿತ್ತು. ಅವಳು ನೋಡಿದ್ದಳು, ಮೂರು ಸಲ. ಆದರೂ ಒತ್ತಲು ಧೈರ್ಯವಿಲ್ಲ.

“ನೀವೂ ಒಂದ್ಸಲ ನೋಡ್ಬುಡಿ ಸಾರ್. ಅಪ್ಪನ ಮಗಳಲ್ವಾ, ನಂಗೂ ಆ ಮರೆವು ಬಂದದೆ. ಮೊನ್ನೆ ಒಲೆ ಮೇಲೆ ಹಾಲಿಟ್ಟು ಮರ್ತೆ. ಆವತ್ತಿಂದ ಭಯ. ಅಪ್ಪಂಗೂ ಇದೇ ವಯಸ್ಸಲ್ಲೇ ಅಲ್ವಾ ಶುರುವಾಗಿದ್ದು?”

ಹೆಸರು ನೋಡಿದೆ. ಸರಿಯಿದೆಯಮ್ಮ ಎಂದೆ. ಅಷ್ಟೇ ಎಂದೆ — ಮತ್ತೆ ಅಷ್ಟೇ.

ಅಪ್ಪನಿಗೆ ಇಲ್ಲದಿದ್ದ ಕಾಯಿಲೆಗೆ ಮಗಳು ಹೆದರಿಕೊಂಡು ಬದುಕುತ್ತಿದ್ದಾಳೆ. ಅದನ್ನು ಅವಳಿಗೆ ಕೊಟ್ಟವನು ನಾನು.

ನೋಟ್‌ಬುಕ್ಕು ಇನ್ನೂ ನನ್ನಲ್ಲಿದೆ. ಈ ಭಾನುವಾರ ಮೊದಲು ಆಚಾರ್ಯರ ಮನೆಗೆ, ಅಲ್ಲಿಂದ ಮಾಕವಳ್ಳಿಗೆ, ಭಾಗ್ಯಳ ಮನೆಗೆ ಹೋಗುತ್ತೇನೆ. ಕ್ಷಮೆ ಕೇಳುವುದು ಆಮೇಲಿನ ಮಾತು; ಸಿಗಬೇಕೆಂದೂ ಇಲ್ಲ. ಮೊದಲು ಆ ಪುಟ ಓದಿ ಹೇಳಬೇಕು. ನಿಂಗೇಗೌಡರು ಅಂದು ಹೇಳಿದ್ದು ಹೀಗಿದೆ:

“ಎರಡು ತಾಳಿ, ಗುಂಡು ಸಮೇತ. ನಮ್ದು ದೊಡ್ ಮಗ್ಳಿಗೆ ಮಾಡ್ದಂಗೆ. ಗಂಡಿನೋರ್ದು ಬ್ಯಾರೆ ಮಾಟ. ಗಂಡಿನ್ ತಾಯಿ ಕೊರಳಿಂದ ಬಿಚ್ಚಂಗಿಲ್ಲ, ಆಚಾರ್ರೇ ಮಾಕವಳ್ಳೀಗೆ ಓಗಿ ನೋಡ್ಕೊಂಡ್ ಬರ್ಲಿ. ಇದೊಂದು ಮರೀದೆ ಯೋಳಿ ಸಾ.”

ಇಷ್ಟು ಓದಿ, ಸರಿಯಿದೆಯಾ ಗೌಡ್ರೇ ಎಂದು ಕೇಳಬೇಕಿತ್ತು. ಹೌದು ಎನ್ನಲು ಈಗ ಅವರಿಲ್ಲ.