ಅಡುಗೆಮನೆಯ ಬಾಗಿಲು ದಾಟಿದ ಧ್ವನಿ

ಶಾಂತಾ ಕಾಕು ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಅವರ ಭಾವ ಮನೆಯಲ್ಲಿದ್ದಾರೋ ಇಲ್ಲವೋ ಎಂದು ನಮ್ಮ ಓಣಿಯವರು ಹೇಳುತ್ತಿದ್ದರು. ಭಾವ ಇದ್ದರೆ ಗೋಡೆ ಅದುರುವಂತೆ ಬಡಿತ. ಇಲ್ಲದಿದ್ದರೆ ಮೆತ್ತಗೆ, ತಾಳ ಹಾಕಿದ ಹಾಗೆ.

ಭಾಲ್ಕಿಯ ತವರಿನಲ್ಲಿ ತಂದೆ ಕಲಿಸಿದ ವಚನಗಳನ್ನು ಕಾಕು ಸೊಗಸಾಗಿ ಹಾಡುತ್ತಿದ್ದರಂತೆ. ಮದುವೆಯಾಗಿ ಬೀದರಿಗೆ ಬಂದ ಹೊಸತರಲ್ಲಿ ಒಂದು ದಿನ ರೊಟ್ಟಿ ಬಡಿಯುತ್ತ ಗಂಟಲು ಬಿಟ್ಟು ಹಾಡಿದ್ದಾರೆ. ಪಡಸಾಲೆಯಲ್ಲಿ ಗಂಡನ ಅಣ್ಣ ವೀರಪ್ಪ ಗುರುಗಳು ಬೀಗರ ಜೊತೆ ಕೂತಿದ್ದರು. ಆ ಮನೆಯಲ್ಲಿ ಭಾವ ತಮ್ಮನ ಹೆಂಡತಿಯೊಡನೆ ನೇರ ಮಾತಾಡುವ ಪದ್ಧತಿ ಇರಲಿಲ್ಲ. ಗುರುಗಳು ಗೋಡೆಗೆ ಹೇಳಿದರು: "ಹೆಣ್ಮಕ್ಕಳ ಧ್ವನಿ ಅಡಗಿ ಮನಿ ಬಾಗಲಾ ದಾಟಬಾರ್ದು ಅಂತ ಒಳಗ ಹೇಳ್ರಿ."

ಬೀಗರು ನಕ್ಕರು. ಕಾಕು ಬಾಯಿ ಮುಚ್ಚಿಕೊಂಡರು. ಗುರುಗಳು ಔರಾದಿನ ಸಾಲೆಗೆ ಪಾಠ ಹೇಳಲು ಹೋದಾಗ ಗುನುಗುವುದು, ಸಂಜೆ ಬಸ್ಸಿಳಿದು ಅವರು ಬರುವಷ್ಟರಲ್ಲಿ ನಿಲ್ಲಿಸುವುದು, ಇಷ್ಟೇ ಅವರ ಸಂಗೀತವಾಯಿತು. ಅದೇ ಪಡಸಾಲೆಯ ಗೋಡೆಯ ತುಂಬ ಶರಣರ ಫೋಟೊಗಳು! ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾನು ಪಕ್ಕದ ಮನೆಯವಳು, ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಅಂಗೈಯಗಲದ ಕಂಪ್ಯೂಟರ್ ಬೋರ್ಡುಗಳಿಗೆ ಹಳೆಯ ಸ್ಪೀಕರ್ ಜೋಡಿಸಿ, ಎಲ್ಲ ಕೋಣೆಗಳಲ್ಲೂ ಒಂದೇ ಹಾಡು ಒಟ್ಟಿಗೆ ಕೇಳುವ ಹಾಗೆ ನಮ್ಮ ಮನೆಯಲ್ಲಿ ಮಾಡಿಕೊಂಡಿದ್ದೆ. ಒಮ್ಮೆ ಮೊಸರು ಕೊಡಲು ಬಂದ ಕಾಕು ಕೋಣೆಯಿಂದ ಕೋಣೆಗೆ ಓಡಾಡಿ ಕೇಳಿದರು. ಅಷ್ಟರಲ್ಲಿ ಅವರ ಗಂಡ ತೀರಿಕೊಂಡಿದ್ದರು, ಮಗ ಸೊಸೆ ಕಾಕುವಿನ ಮಾತಿಗೆ ಎದುರಾಡುತ್ತಿರಲಿಲ್ಲ. ಗುರುಗಳು ಮಾತ್ರ ರಿಟೈರಾಗಿ ಇಪ್ಪತ್ನಾಲ್ಕು ತಾಸೂ ಮನೆಯಲ್ಲೇ.

"ಇದರ ಮಾಲಕ ಯಾರವ್ವಾ?"

"ಮಾಲಕ ಅಂತ ಒಬ್ಬರು ಇಲ್ರಿ ಕಾಕು. ಇದರ ಸಾಫ್ಟ್‌ವೇರ್ ಊರೂರಿನ ಮಂದಿ ಕೂಡಿ ಬರದು ಪುಕಟ ಬಿಟ್ಟಾರ. ಯಾರಿಗಿ ಬೇಕೋ ಅವರು ತಿದ್ದಬೌದು. ಬಂದ್ ಮಾಡು ಅನ್ಲಿಕ್ಕಿ ಯಾರೂ ಇಲ್ಲ."

"ಹಂಗಾರ ನನಗ ಇದೇ ಬೇಕು. ಭಾವನೋರ ಖೋಲ್ಯಾಗ ಸೈತ ನನ್ನ ಧ್ವನಿ ಕೇಳ್ಬೇಕು."

ಹಾಡುಗಳನ್ನು ನಮ್ಮ ಮನೆಯಲ್ಲೇ ರೆಕಾರ್ಡ್ ಮಾಡಿದೆವು. ಧ್ವನಿ ಒಡೆದಿತ್ತು, ಶ್ರುತಿ ಒಡೆದಿರಲಿಲ್ಲ. ಆದರೆ ಅವರ ಮನೆಯ ಕೋಣೆಗಳಲ್ಲಿ ಸ್ಪೀಕರ್ ಇಟ್ಟಾಗ ದಪ್ಪ ಕೆಂಪುಗಲ್ಲಿನ ಗೋಡೆಗಳು ವೈಫೈಯನ್ನು ನುಂಗಿಬಿಡುತ್ತಿದ್ದವು. ಅಡುಗೆಮನೆಯಲ್ಲಿ ಸಾಲು ಮುಗಿದರೂ ಪಡಸಾಲೆಯಲ್ಲಿ ಇನ್ನೂ ಎಳೆಯುತ್ತಿತ್ತು. ಕಾಕು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಅಡಗಿ ಮನ್ಯಾಗ ನಾ ಮುಂದ, ಪಡಸಾಲ್ಯಾಗ ನಾ ಹಿಂದ! ಮದುವ್ಯಾದಾಗಿಂದ ಹಿಂಗೇ ಆಗ್ಯಾದ. ಈಗರೆ ಸಮ ಮಾಡು." ಪಡಸಾಲೆಗೆ ವೈರ್ ಎಳೆದು, ಸಾಫ್ಟ್‌ವೇರಿನಲ್ಲಿ ಕೋಣೆ ಕೋಣೆಯ ಸಮಯ ಹೊಂದಿಸಿ ಸಮ ಮಾಡಿದೆ.

ಸಮವಾದ ಮೊದಲ ದಿನ ಇಡೀ ಮನೆಯಲ್ಲಿ ಕಾಕುವಿನ ಧ್ವನಿ ಏಕಕಾಲಕ್ಕೆ ಎದ್ದಿತು. ಗುರುಗಳು ಕೋಲು ಕುಟ್ಟಿ ಗೋಡೆಗೆ ಕೂಗಿದರು: "ಈ ಗದ್ದಲ ಬಂದ್ ಮಾಡ್ರಿ ಅಂತ ಹೇಳ್ರಿ!" ಕಾಕು ಫೋನಿನಲ್ಲಿ ಅವರ ಕೋಣೆಯ ಧ್ವನಿ ಇನ್ನಷ್ಟು ಏರಿಸಿದರು. ಅಂದು ಅವರ ಮುಖದಲ್ಲಿದ್ದ ಖುಷಿಗೆ ನಾನು ಒಳ್ಳೆಯ ಹೆಸರು ಕೊಡುವುದಿಲ್ಲ. ಅದು ಸೇಡು. ನನಗೂ ಬಹಳ ರುಚಿಸಿತು.

ದಿನಗಳೆದಂತೆ ಕೋಲಿನ ಸದ್ದು ನಿಂತಿತು. ಒಂದು ಬೆಳಿಗ್ಗೆ ಕಾಕು ನನ್ನನ್ನು ಕರೆದು ಕಿಟಕಿಯಿಂದ ತೋರಿಸಿದರು. ಗುರುಗಳು ಕಣ್ಣು ಮುಚ್ಚಿ ಕುರ್ಚಿಯ ಕೈ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಕಾಕು ಕರಗಿಯಾರು ಅಂದುಕೊಂಡೆ. ಅವರ ಮುಖ ಬಿಗಿಯಿತು.

"ಅವರಿಗಿ ಸೇರ್ಲಾಕತ್ತದಲ್ಲ? ಇವತ್ತಿನಿಂದ ಅಡಗಿ ಮನ್ಯಾಗ ಅಷ್ಟೇ ಹಚ್ಚು. ಅವರೇ ಹಾಕಿದ ಕಾಯ್ದೆ, ಅವರೇ ನಡಸ್ಲಿ. ಕೇಳ್ಬೇಕಂದ್ರ ಎದ್ದು ಇಲ್ಲೀತನ ಬರ್ಲಿ. ನಾ ಇಲ್ದಾಗೂ ಹಿಂಗೇ ಇರ್ಲಿ, ಆಣಿ ಮಾಡು."

ಆಣೆ ಮಾಡಿದೆ. ಗುರುಗಳು ಎದ್ದು ಬರಲಿಲ್ಲ. ಹಟ ಅವರಿಗೂ ಕಡಿಮೆಯಿರಲಿಲ್ಲ. ಕಾಕು ಹೋದ ವರ್ಷ ಎರಡು ದಿನದ ಜ್ವರದಲ್ಲಿ ಹೋಗಿಬಿಟ್ಟರು.

ಮೊನ್ನೆ ಸೊಸೆ ಕರೆದಳೆಂದು ಹೋದೆ. ಅಡುಗೆಮನೆಯಲ್ಲಿ ಕಾಕು ಹಾಡುತ್ತಿದ್ದರು. ಹೊಸ್ತಿಲಿನ ಹೊರಗೆ, ಬರಿ ನೆಲದ ಮೇಲೆ ಗುರುಗಳು ಕೂತಿದ್ದರು. ಗೋಡೆಗೆ ಮಾತಾಡುತ್ತಿದ್ದ ಮನುಷ್ಯ ನನ್ನ ಮುಖ ನೋಡಿ ಹೇಳಿದರು: "ತಂಗಿ, ದಿನಾ ಇಲ್ಲೀತನ ಬರ್ಲಿಕ್ಕಿ ಮೊಣಕಾಲ ಆಗವಲ್ಲವು. ನನ್ನ ಖೋಲ್ಯಾಗ ಹಚ್ಚವ್ವಾ."

ಸೊಸೆ ಕಾಕುವಿನ ಫೋನನ್ನು ನನ್ನ ಕೈಗೆ ಕೊಟ್ಟಳು. ಗುರುಗಳ ಕೋಣೆಯ ಗುಂಡಿ ನನ್ನ ಹೆಬ್ಬೆರಳಿನ ಕೆಳಗೇ ಇತ್ತು.

"ಅಡಗಿ ಮನಿ ಬಾಗಲಾ ದಾಟಬಾರ್ದು ಅಂತ ನೀವೇ ಹೇಳಿದ್ರಲ್ರಿ, ಗುರುಗಳೆ," ಅಂದೆ. ಫೋನನ್ನು ರೊಟ್ಟಿ ಬುಟ್ಟಿಯ ಪಕ್ಕದಲ್ಲಿಟ್ಟು ಮನೆಗೆ ಬಂದೆ.