ಅರ್ಧ ದಮ್ಮಿನ ಫಕೀರಪ್ಪ ಕಾಕಾ

ದಣಿದ ಮೇಲೆ ಕೂರುವವರನ್ನು ಎಲ್ಲರೂ ನೋಡಿರುತ್ತಾರೆ. ದಣಿಯುವ ಮೊದಲೇ ಕೂರುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ. ಯರಗಟ್ಟಿಯ ನಮ್ಮ ಓಣಿಯ ಫಕೀರಪ್ಪ ಕಾಕಾ ದಿನಾ ಬೆಳಿಗ್ಗೆ ಏಳರ ಸುಮಾರಿಗೆ, ಮಡಚಿದ ಖಾಲಿ ಗೋಣಿಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಮನೆಯಿಂದ ಹೊರಬೀಳುತ್ತಿದ್ದರು. ಇಪ್ಪತ್ತು ಹೆಜ್ಜೆ ಹಾಕಿ, ಮೊದಲು ಸಿಗುವ ಕಟ್ಟೆಯ ಮೇಲೆ ಚೀಲ ಹಾಸಿ ಕೂರುವರು. ಸ್ವಲ್ಪ ಹೊತ್ತಿಗೆ ಎದ್ದು, ಚೀಲ ಝಾಡಿಸಿ ಹೆಗಲಿಗೇರಿಸಿ, ಮತ್ತೆ ಅಷ್ಟೇ ದೂರ ಹೋಗಿ ಹಿಟ್ಟಿನ ಗಿರಣಿಯ ಮುಂದೆ ಕೂರುವರು. ಆಮೇಲೆ ಬೇವಿನ ಗಿಡದ ಕೆಳಗೆ. ಮುಖದಲ್ಲಿ ಒಂದು ಹನಿ ಬೆವರಿರುತ್ತಿರಲಿಲ್ಲ. ಅವರ ಬೆನ್ನ ಹಿಂದೆ ಓಣಿಯವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮೂವತ್ತು ವರ್ಷ ಅವರು ಇಲ್ಲಿಯ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವರು. ಎತ್ತರದ ಆಳು. ಚೀಲ ಹೊತ್ತು ಹೊತ್ತು ಕುತ್ತಿಗೆಯ ಹಿಂದೆ ನಿಂಬೆಹಣ್ಣಿನಷ್ಟು ದಪ್ಪದ ಗಂಟೊಂದು ಎದ್ದಿತ್ತು. ಕೈಕಾಲು ಅರವತ್ತೈದರಲ್ಲೂ ಗಟ್ಟಿಯಾಗಿದ್ದವು. ಕೆಟ್ಟದ್ದು ಎದೆ ಮಾತ್ರ. ಮೆಣಸಿನಕಾಯಿಯ ಘಾಟು, ಗೋವಿನಜೋಳದ ಧೂಳು, ಹತ್ತಿಯ ಎಳೆ ಎಲ್ಲವೂ ಅಲ್ಲಿ ಹೋಗಿ ಕೂತಿದ್ದವು. ಮಗಳು ಶಾಂತವ್ವ ಮತ್ತು ಅಳಿಯನ ಜೊತೆ ಇದ್ದರು. ಮಗಳು ಅವರನ್ನು ಚೆನ್ನಾಗಿ ನೋಡಿಕೊಂಡಳು, ಚೆನ್ನಾಗಿ ಬೈದಳು ಕೂಡ.

ನನ್ನ ಎದೆಯೂ ಕೆಟ್ಟಿದೆ ಎಂದು ತಿಳಿದಾಗ ನನಗೆ ನಲವತ್ತಾರು. ಮೆಣಸಿನಕಾಯಿ ಚೀಲ ಹೊತ್ತವಳಲ್ಲ ನಾನು, ಮನೋಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಯಾಕೆ ಬಂತು ಎಂದರೆ ಡಾಕ್ಟರರಿಗೂ ಗೊತ್ತಿಲ್ಲ. ಎರಡೂ ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತಿವೆ, ಹೋದದ್ದು ಮರಳುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು ಎಂದರು. “ವ್ಯಾಯಾಮ ಬಿಡಬ್ಯಾಡ್ರಿ ಮೇಡಂ, ಆದ್ರ ದಣಕೋಬ್ಯಾಡ್ರಿ” ಎಂದು ಚೀಟಿ ಕೈಗಿತ್ತರು. ಈ ಎರಡು ಮಾತುಗಳ ನಡುವೆ ಎಲ್ಲಿ ನಿಲ್ಲಬೇಕು ಎಂದು ಕೇಳಬೇಕಿತ್ತು. ಹೊರಗೆ ಅಷ್ಟು ಮಂದಿ ಕಾಯುತ್ತಿದ್ದರು, ಕೇಳಲಾಗಲಿಲ್ಲ.

ಮನೋಳಿಯಲ್ಲಿ ಬಸ್ಸಿಳಿದು ನಮ್ಮ ಶಾಲೆಗೆ ಹೋಗಲು ಒಂದು ಏರಿದೆ. ಮೊದಲು ಅದು ಏರು ಎಂದು ನನಗೆ ಗೊತ್ತೇ ಇರಲಿಲ್ಲ. ಆ ಚಳಿಗಾಲದಲ್ಲಿ ಎರಡು ಸಲ ನಡುದಾರಿಯಲ್ಲಿ ಕುಸಿದು ಕೂತೆ, ಮಕ್ಕಳು ನನ್ನನ್ನು ಎಬ್ಬಿಸಿಕೊಂಡು ಹೋದರು. ರಜೆ ಹಾಕಿದೆ. ಜೂನಿನಲ್ಲಿ ಶಾಲೆ ಶುರುವಾಗುವಾಗ ಆ ಏರು ಹತ್ತಲಾದರೆ ನೌಕರಿ, ಇಲ್ಲದಿದ್ದರೆ ರಾಜೀನಾಮೆ. “ಬಿಟ್ಟ್ ಬಿಡು, ಜೀವಾ ದೊಡ್ಡದು” ಎಂದರು ನನ್ನ ಯಜಮಾನರು. ಪ್ರೀತಿಯಿಂದಲೇ ಅಂದದ್ದು, ಆದರೆ ನನಗೆ ಸಿಟ್ಟು ಬಂತು. ಹಲಗೆಯ ಮುಂದೆ ನಿಂತು ಪದ್ಯ ಓದುವುದನ್ನು ಬಿಟ್ಟರೆ ನಾನು ಯಾರೆಂದು ನನಗೇ ತಿಳಿದಿರಲಿಲ್ಲ.

ಸರಿ, ವ್ಯಾಯಾಮ ಹುಡುಕಲು ಹೊರಟೆ. ಯೋಗದ ಕ್ಲಾಸಿಗೆ ಹೋದೆ. ಅಲ್ಲಿ ಉಸಿರು ಹಿಡಿಯಿರಿ ಎಂದರು. ಹಿಡಿಯಲು ನನ್ನ ಹತ್ತಿರ ಉಸಿರಿದ್ದರೆ ತಾನೆ? ಮೊಬೈಲಿನಲ್ಲಿ ಒಬ್ಬ ಹುಡುಗಿ ನಗುನಗುತ್ತಾ ಕುಣಿಯುತ್ತಿದ್ದಳು, ಎರಡನೇ ನಿಮಿಷಕ್ಕೆ ನಾನು ಗೋಡೆ ಹಿಡಿದೆ. ಓಣಿಯ ಹೆಣ್ಣುಮಕ್ಕಳ ಜೊತೆ ವಾಕಿಂಗ್ ಹೋದೆ. ಅವರು ಮಾತಾಡುತ್ತಲೇ ಯಾರೋ ಅಟ್ಟಿಸಿಕೊಂಡು ಬಂದಂತೆ ನಡೆಯುತ್ತಿದ್ದರು. ಹಿಂದೆ ಉಳಿದ ನನಗಾಗಿ ಕಾಯುವುದು ಅವರಿಗೂ ಬೇಜಾರು, ಕಾಯಿಸುವುದು ನನಗೂ ಬೇಜಾರು. ಕೊನೆಗೆ ಒಬ್ಬಳೇ ಹೊರಟೆ.

ಒಬ್ಬಳೇ ಹೊರಟರೆ ನಮ್ಮ ಕಡೆ ಇನ್ನೊಂದು ತೊಂದರೆ. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಆದ್ದರಿಂದ ಕಟ್ಟೆಗೊಬ್ಬರಂತೆ ಕೇಳುತ್ತಾರೆ, “ದೂರ ಹೊಂಟ್ರೇನ್ರಿ ಅಕ್ಕಾರ?” ಮರ್ಯಾದೆಯ ಮಾತು. ಆದರೆ ಮೂವತ್ತು ಹೆಜ್ಜೆಗೆ ಕಣ್ಣು ಕತ್ತಲೆ ಬರುವವಳಿಗೆ ಅದು ಚುಚ್ಚುತ್ತದೆ. ಉತ್ತರ ಕೊಡಲು ದಮ್ಮೂ ಇರುತ್ತಿರಲಿಲ್ಲ. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದೆ. ಉಸಿರು ಕಟ್ಟಿದಾಗ ಮೊಬೈಲನ್ನು ಕಿವಿಗಿಟ್ಟು, ಯಾರದೋ ಮಾತು ಕೇಳುವವಳಂತೆ ನಿಂತುಬಿಡುವುದು.

ಒಂದು ದಿನ ಗಿರಣಿಯ ಮುಂದೆ ಹಾಗೆ ನಿಂತಿದ್ದೆ. ಚೀಲದ ಮೇಲೆ ಕೂತಿದ್ದ ಫಕೀರಪ್ಪ ಕಾಕಾ ಬಹಳ ಹೊತ್ತು ನನ್ನನ್ನೇ ನೋಡಿದರು.

“ಅಕ್ಕಾರ, ಫೋನ್ ಉಲ್ಟಾ ಹಿಡದೀರಿ.”

ನಿಜವಾಗಿಯೂ ತಲೆಕೆಳಗೆ ಹಿಡಿದಿದ್ದೆ. ನಾಚಿಕೆಯಿಂದ ಮುಖವೆಲ್ಲ ಬಿಸಿಯಾಯಿತು. ಅವರು ಪಕ್ಕಕ್ಕೆ ಸರಿದು ಚೀಲದ ಅರ್ಧ ಬಿಟ್ಟುಕೊಟ್ಟರು. “ಕುಂಡ್ರ್ರಿ. ಮೊದಲ ಊದ್ರಿ. ಬಶಿಯೊಳಗ ಚಾ ಆರಸತೀರಲ್ಲ, ಹಂಗ. ಒಳಗ ತಗೊಳ್ಳೂದು ಆಮ್ಯಾಲ, ಮೊದಲ ಹೊರಗ ಬಿಡ್ರಿ.” ತುಟಿ ಚೂಪು ಮಾಡಿ ಊದಿದೆ. ನಾಲ್ಕು ಸಲ ಊದುವಷ್ಟರಲ್ಲಿ ಎದೆಯ ಬಿಗಿ ಸಡಿಲವಾಯಿತು. ತಿಂಗಳುಗಟ್ಟಲೆ ಹೆದರಿದ್ದ ನನಗೆ ಅಳುವೇ ಬಂತು. ಕಾಕಾ ಗಿರಣಿಯ ಪಟ್ಟಿ ತಿರುಗುವುದನ್ನು ನೋಡುತ್ತ ಕೂತರು.

ಆವತ್ತಿನಿಂದ ನಮ್ಮಿಬ್ಬರ ವಾಕಿಂಗ್ ಶುರುವಾಯಿತು. ಅವರ ಕಾನೂನು ಒಂದೇ. “ಹಮಾಲ ಮನಶ್ಯಾ ದಮ್ಮು ಪೂರಾ ಮುಗಿಯೂತನಕ ಹೊರಬಾರದ್ರಿ. ದಮ್ಮು ಮುಗದಲ್ಲೇ ಚೀಲಾ ಇಡಾಕ ಜಾಗಾ ಎಲ್ಲಿರತೈತಿ? ಅರ್ಧಾ ದಮ್ಮಿಗೇ ಇಳಸಬೇಕು. ಉಳದ ಅರ್ಧಾ ಹೊಳ್ಳಿ ಏಳಾಕ ಬೇಕಲ್ಲ.” ಅರ್ಧ ಆಯಿತೆಂದು ತಿಳಿಯುವುದು ಹೇಗೆ ಎಂದು ಕೇಳಿದೆ. ಡಾಕ್ಟರರನ್ನು ಕೇಳದೆ ಬಿಟ್ಟ ಪ್ರಶ್ನೆ ಅದು. ಕಾಕಾ ನಕ್ಕರು. “ಓಣಿ ಮಂದಿ ಕೇಳತಾರಲ್ಲ, ದೂರ ಹೊಂಟ್ರೇನು ಅಂತ. ಅದಕ್ಕ ಉತ್ತರಾ ಒಂದ ದಮ್ಮಿನ್ಯಾಗ ಬರಬೇಕು. ‘ಇಲ್ಲೇ ಹೊಂಟೇನ್ರಿ, ಈಗ ಹೋಗಿ ಈಗ ಬರತೇನಿ.’ ಪೂರಾ ಬಂತೋ, ನಡೀರಿ. ‘ಇಲ್ಲೇ ಹೊಂಟೇನ್ರಿ’ ಅಂದ ಮ್ಯಾಲ ಉಸರು ತುಂಡಾತೋ, ಅಲ್ಲೇ ಕುಂಡ್ರ್ರಿ. ಬಂಗಾರದ ಕುರ್ಚಿ ಕಾಯಬ್ಯಾಡ್ರಿ.”

ನಾನು ಯಾವ ಪ್ರಶ್ನೆಗೆ ಹೆದರಿ ಮೊಬೈಲ್ ಹಿಡಿಯುತ್ತಿದ್ದೆನೋ ಅದೇ ನನ್ನ ಅಳತೆಯಾಯಿತು. ಯಾರೂ ಕೇಳದಿದ್ದರೆ ಕಾಕಾ ತಾವೇ ಕೇಳುವರು, “ಅಕ್ಕಾರ, ದೂರ ಹೊಂಟ್ರೇನ್ರಿ?” ಜೊತೆಯಲ್ಲೇ ನಡೆಯುತ್ತಿರುವವರಿಗೆ ನಾನು ಗಂಭೀರವಾಗಿ, “ಇಲ್ಲೇ ಹೊಂಟೇನ್ರಿ, ಈಗ ಹೋಗಿ ಈಗ ಬರತೇನಿ” ಎನ್ನುವೆ. ಕಟ್ಟೆಗಳ ಮೇಲೆ ಕೂತವರಿಗೆ ನಮ್ಮಿಬ್ಬರಿಗೂ ತಲೆ ಸರಿಯಿಲ್ಲವೆಂದು ಖಾತ್ರಿಯಾಗಿತ್ತು. ಮೂರು ವಾರಕ್ಕೆ ಬೇವಿನ ಗಿಡ ಮುಟ್ಟಿದೆ, ಎರಡು ತಿಂಗಳಿಗೆ ಮಾರುಕಟ್ಟೆಯ ಗೇಟು.

ಆಗಲೇ ನನಗೆ ಸೊಕ್ಕು ಬಂದದ್ದು. ಕಾಕಾ ಯಾವುದೋ ಮದುವೆಗೆಂದು ದೊಡವಾಡಕ್ಕೆ ಹೋದ ಒಂದು ದಿನ, ಗೇಟಿನವರೆಗೆ ಎಲ್ಲೂ ಕೂರದೆ ನಡೆದು ತೋರಿಸಬೇಕೆನ್ನಿಸಿತು. ಯಾರಿಗೆ ತೋರಿಸಬೇಕಿತ್ತೋ ದೇವರೇ ಬಲ್ಲ. ಗೇಟು ಮುಟ್ಟಿದೆ. ಮರಳಿ ಬರುವಾಗ ಗಿರಣಿಯವರು ನನ್ನನ್ನು ಟಂಟಂ ಆಟೋದಲ್ಲಿ ಮಲಗಿಸಿಕೊಂಡು ಮನೆಗೆ ತಂದುಬಿಟ್ಟರು. ಐದು ದಿನ ಹಾಸಿಗೆಯಿಂದ ಏಳಲಿಲ್ಲ. ಜೂನಿಗೆ ಇಪ್ಪತ್ತು ದಿನ ಉಳಿದಿತ್ತು. ರಾಜೀನಾಮೆಯ ಕಾಗದ ಬರೆದು ತಲೆದಿಂಬಿನ ಕೆಳಗಿಟ್ಟೆ.

ಊರಿನಿಂದ ಬಂದ ಕಾಕಾ ನೇರವಾಗಿ ನಮ್ಮ ಮನೆಗೆ ಬಂದರು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಅವರು ಬೈಯಲಿಲ್ಲ. ಯಜಮಾನರು ತಂದ ಚಹಾವನ್ನು ಬಶಿಗೆ ಸುರಿದು, ಊದಿ ಊದಿ ಪೂರ್ತಿ ಕುಡಿದು ಮುಗಿಸಿದರು. ಆಮೇಲೆ ಮೆಲ್ಲಗೆ ಶುರು ಮಾಡಿದರು.

“ನೀವು ಫೋನ್ ಹಿಡೀತಿದ್ರಿ. ನಾ ಏನ್ ಮಾಡತಿದ್ನಿ ಗೊತ್ತೈತೇನ್ರಿ? ಬೀಡಿ ಹಚ್ಚತಿದ್ನಿ. ಮೆಣಸಿನಕಾಯಿ ಸೀಜನ್‌ನ್ಯಾಗ ಎದಿ ಹಿಡಕೊಂಡ್ರ, ಹತ್ತ ಮಂದಿ ಹಮಾಲರ ಮುಂದ ದಮ್ಮು ಹತ್ತಿ ನಿಂತಾನ ಅಂತ ಹ್ಯಾಂಗ್ ಅನಿಸಿಕೊಳ್ಳೂದು? ಬೀಡಿ ಸೇದಾಕ ನಿಂತೀನಿ ಅಂತ ನಿಲ್ಲತಿದ್ನಿ. ಉಸರಿಲ್ಲದಾವ ಉಸರು ತಗೋಳಾಕ ಬೀಡಿ ಹಚ್ಚೂದು! ಎಷ್ಟ ವರ್ಷ ಹಂಗ ಮಾಡೀನಂತೀರಿ. ಕುಂಡ್ರಾಕ ನಾಚಿದ್ನ್ರಿ ಅಕ್ಕಾರ. ಆ ನಾಚಿಕೀನ ನನ್ನ ಅರ್ಧಾ ಎದಿ ತಿಂತು.”

ಬಶಿಯನ್ನು ಕಪ್ಪಿನ ಕೆಳಗೆ ಸರಿಯಾಗಿ ಜೋಡಿಸಿಟ್ಟರು. “ನನಗ ಕುಂಡ್ರಾಕ ಯಾರೂ ಹೇಳಿಕೊಡಲಿಲ್ಲ. ನಿಮಗ ನಾ ಹೇಳಿಕೊಟ್ಟೇನಿ. ನಾಳಿಂದ ಮತ್ತ ಇಪ್ಪತ್ತ ಹೆಜ್ಜಿ. ಬರತೇನಿ.” ಅವರು ಹೋದ ಮೇಲೆ ಆ ಕಾಗದ ತೆಗೆದು ಹರಿದು ಹಾಕಿದೆ.

ಜೂನಿನಲ್ಲಿ ಶಾಲೆ ಶುರುವಾಯಿತು. ಮನೋಳಿಯ ಏರಿನಲ್ಲಿ ಕೂರಲು ನಾಲ್ಕು ಜಾಗ ಗುರುತು ಮಾಡಿಕೊಂಡೆ. ಕಿರಾಣಿ ಅಂಗಡಿಯ ಬೆಂಚು, ಒಂದು ಮನೆಯ ಕಟ್ಟೆ, ಗಟಾರದ ಮೇಲಿನ ಕಲ್ಲು, ಶಾಲೆಯ ಹೊರಗಿನ ಹುಣಸೆಮರದ ಬೇರು. ನನ್ನ ಬ್ಯಾಗಿನಲ್ಲೂ ಒಂದು ಮಡಚಿದ ಚೀಲವಿತ್ತು. ಮೊದಲ ದಿನ ಬೆಂಚಿನ ಮೇಲೆ ಕೂತಾಗ ಬಸ್ಸಿನಿಂದಿಳಿದ ಮಕ್ಕಳೆಲ್ಲ ನೋಡುತ್ತಾ ಹೋದರು. ಮೊಬೈಲ್ ಹೊರಗೆ ತೆಗೆಯಲಿಲ್ಲ. ಪ್ರಾರ್ಥನೆಗೆ ಹತ್ತು ನಿಮಿಷ ಮೊದಲೇ ಶಾಲೆ ಮುಟ್ಟಿದೆ. ಸಂಜೆ ಬಂದು ಕಾಕಾನಿಗೆ ಹೇಳಿದರೆ, “ನಾಳಿನೂ ಹಂಗ ಕುಂತ ಕುಂತ ಹೋಗ್ರಿ” ಎಂದರು, ಅಷ್ಟೇ. ಆದರೆ ಮರುದಿನ ಬೆಳಿಗ್ಗೆ ತಾವು ಕೂತ ಕಟ್ಟೆಗಳಲ್ಲೆಲ್ಲ ಆ ಸುದ್ದಿ ಹೇಳಿಕೊಂಡು ಬಂದರೆಂದು ಶಾಂತವ್ವ ಆಮೇಲೆ ಹೇಳಿದಳು.

ಅದಾಗಿ ಎರಡು ವರ್ಷ ಕಳೆದವು. ಕಳೆದ ಚಳಿಗಾಲದಲ್ಲಿ ಅವರ ಕಟ್ಟೆಗಳು ಒಂದೊಂದಾಗಿ ಹತ್ತಿರವಾದವು. ಗೇಟು ಬಿಟ್ಟುಹೋಯಿತು, ಬೇವಿನ ಗಿಡ ಬಿಟ್ಟುಹೋಯಿತು. ಕೊನೆಗೆ ತಮ್ಮ ಮನೆಯ ಬಾಗಿಲಲ್ಲೇ ಚೀಲ ಹಾಸಿ ಕೂರತೊಡಗಿದರು. “ಇವತ್ತಿನ ಅರ್ಧಾ ದಮ್ಮು ಇಲ್ಲೀತನಕ ಐತಿ” ಎನ್ನುವರು. ಅವರು ಸಂಕಟ ತೋಡಿಕೊಂಡದ್ದನ್ನು ನಾನೆಂದೂ ಕೇಳಿಲ್ಲ.

ಒಂದು ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅವರ ಮನೆಯ ಮುಂದೆ ಜೀಪು ನಿಂತಿತ್ತು. ಶಾಂತವ್ವ ಬಟ್ಟೆಯ ಗಂಟು ಇಡುತ್ತಿದ್ದಳು, ಅಳಿಯ ಮಾವನನ್ನು ಹಿಂದಿನ ಸೀಟಿನಲ್ಲಿ ಆನಿಸಿ ಕೂರಿಸುತ್ತಿದ್ದ. ಬೆಳಗಾವಿಯ ದವಾಖಾನೆಗೆ ಎಂದು ಯಾರೂ ಹೇಳಬೇಕಿರಲಿಲ್ಲ. ‘ಎಲ್ಲಿಗೆ’ ಎಂದು ಕೇಳುವಂತೆಯೂ ಇರಲಿಲ್ಲ. ಜೀಪಿನ ಹತ್ತಿರ ಹೋಗಿ, ನನಗೆ ಬಂದ ಒಂದೇ ಮಾತು ಕೇಳಿದೆ.

“ಕಾಕಾರ, ದೂರ ಹೊಂಟ್ರೇನ್ರಿ?”

ಅವರ ಕಣ್ಣಲ್ಲಿ ನಗು ಬಂತು. “ಇಲ್ಲೇ ಹೊಂಟೇನ್ರಿ” ಎಂದರು. ಅಷ್ಟಕ್ಕೆ ಉಸಿರು ತುಂಡಾಯಿತು. ತುಟಿ ಚೂಪು ಮಾಡಿ ಊದಿದರು, ಇನ್ನೊಮ್ಮೆ ಊದಿದರು. ನಾನು ಜೀಪಿನ ಬಾಗಿಲು ಹಿಡಿದು ಉಳಿದ ಅರ್ಧಕ್ಕಾಗಿ ಕಾದೆ. ಅದು ಬರುವುದಿಲ್ಲವೆಂದು ನನಗಿಂತ ಮೊದಲು ಅವರಿಗೆ ತಿಳಿದಿತ್ತು. ಕೈಯೆತ್ತಿ ನನಗೆ ಹೋಗು ಎಂಬಂತೆ ಸನ್ನೆ ಮಾಡಿದರು. ಬಸ್ಸಿಗೆ ತಡವಾಗುತ್ತದೆ ಎಂದು.

ಎಂಟು ದಿನಕ್ಕೆ ಅವರನ್ನು ಮರಳಿ ತಂದರು. ಮಣ್ಣಿಗೆ ಹೋಗುವುದು ಊರ ಹೊರಗಿನ ಹೊಲಕ್ಕೆ, ಮಾರುಕಟ್ಟೆಯ ಗೇಟು ದಾಟಿ ಇನ್ನೂ ಅಷ್ಟು ದೂರ. ನಾನು ಅಲ್ಲಿಯವರೆಗೆ ಎಂದೂ ನಡೆದಿರಲಿಲ್ಲ. ಯಜಮಾನರು ಗಾಡಿಯ ಮೇಲೆ ಬಾ ಎಂದರು. ಒಲ್ಲೆ ಎಂದೆ. ಭಜನೆಯವರೂ ಮಂದಿಯೂ ಮುಂದೆ ಹೋಗಿಬಿಟ್ಟರು, ನಾನು ಹಿಂದೆ ಉಳಿದೆ. ಗಿರಣಿಯ ಮುಂದೆ ಕೂತೆ. ಬೇವಿನ ಗಿಡದ ಕೆಳಗೆ ಕೂತೆ. ಗೇಟಿನ ಹತ್ತಿರ ಕೂತೆ. ಭಜನೆಯ ತಾಳ ಕೇಳಿಸುವುದು ನಿಂತ ಮೇಲೂ ಚೀಲ ಹಾಸಿ, ಊದಿ, ಎದ್ದು, ಮತ್ತೆ ನಡೆದೆ.

ಹೊಲದ ದಾರಿಯಲ್ಲಿ, ಮೇವಿನ ಹೊರೆ ಹೊತ್ತು ಬರುತ್ತಿದ್ದ ಪರಿಚಯವಿಲ್ಲದ ಹೆಂಗಸೊಬ್ಬಳು ನನ್ನನ್ನು ನೋಡಿ ಕೇಳಿದಳು, “ದೂರ ಹೊಂಟ್ರೇನವ್ವಾ?”

“ಇಲ್ಲೇ ಹೊಂಟೇನ್ರಿ, ಈಗ ಹೋಗಿ ಈಗ ಬರತೇನಿ” ಎಂದೆ. ಒಂದೇ ದಮ್ಮಿನಲ್ಲಿ ಬಂತು. ಮಣ್ಣು ಕೊಡಲು ನಾನು ಹೋಗಿ ಮುಟ್ಟುವವರೆಗೆ ಶಾಂತವ್ವ ಎಲ್ಲರನ್ನೂ ಕಾಯಿಸಿಕೊಂಡು ನಿಂತಿದ್ದಳು.