ದುಬೈ ಕಂಪನಿಗೆ ನಾನು ಹಾಕಿದ ಸಹಿ

ಪಾಂಡವಪುರದ ಬ್ಯಾಂಕಿನ ಮೆಟ್ಟಿಲ ಮೇಲೆ ನನ್ನ ಜಡೆ ಹಿಡಿದು ಎಳೆದವಳು ಅವ್ವ ಸತ್ತ ಮೇಲೆ ನನ್ನನ್ನು ಸಾಕಿ ಓದಿಸಿದ ಚಿಕ್ಕವ್ವ.

ನಾನು ಆಗ ಬೆಲ್ಲ ರಫ್ತು ಮಾಡುವ ಒಂದು ಕಂಪನಿಯಲ್ಲಿ ಟೈಪಿಂಗ್ ಕೆಲಸಕ್ಕಿದ್ದೆ. ಒಂದು ದಿನ ಮಾಲೀಕರು ಕಾಗದದ ಕಟ್ಟು ಮುಂದಿಟ್ಟು, "ದುಬೈನಲ್ಲಿ ನಮ್ದೇ ಒಂದು ಅಂಗಸಂಸ್ಥೆ ತೆಗೀತಾ ಇದೀವಮ್ಮ. ನೀನೂ ಒಬ್ಬ ಡೈರೆಕ್ಟರು. ಬರೀ ಹೆಸರಿಗೆ" ಎಂದರು. ಹೆಮ್ಮೆಯಿಂದಲೇ ಸಹಿ ಹಾಕಿದೆ. ಅಕ್ಕಿಹೆಬ್ಬಾಳಿನಲ್ಲಿದ್ದ ಚಿಕ್ಕವ್ವ ಅದನ್ನು ಊರಿಗೆಲ್ಲ ಸಾರಿದಳು. ಹಾಲು ಮಾರಿ ಕೂಡಿಟ್ಟದ್ದನ್ನು ತಂದು, ನಮ್ಮ ಕಂಪನಿ ವ್ಯವಹರಿಸುತ್ತಿದ್ದ ಬ್ಯಾಂಕಿನಲ್ಲೇ ಇಟ್ಟಳು.

ಯಂತ್ರ ತರಿಸುತ್ತೇವೆಂದು ಕಂಪನಿ ಅದೇ ಬ್ಯಾಂಕಿನಿಂದ ಸಾಲ ಎತ್ತಿತು. ಯಂತ್ರದ ಮುಂಗಡವೆಂದು ಹಣ ದುಬೈ ಕಂಪನಿಗೆ ಹೋಯಿತು. ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತೋ, ಯಂತ್ರವಂತೂ ಬರಲಿಲ್ಲ. ಮಾಲೀಕರೂ ವಿಮಾನ ಹತ್ತಿದರು. ಸಾಲ ವಾಪಸು ಬಾರದೆ ಬ್ಯಾಂಕು ಬಾಗಿಲು ಹಾಕಿತು. ಪೇಪರಿನಲ್ಲಿ ಬಂದ ಡೈರೆಕ್ಟರುಗಳ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು.

ವಿಚಾರಣೆಗೆಂದು ಅಧಿಕಾರಿಗಳು ನನ್ನನ್ನು ಬ್ಯಾಂಕಿಗೆ ಕರೆಸಿದ ದಿನ ಹೊರಗೆ ಉರಿಬಿಸಿಲಲ್ಲಿ ದುಡ್ಡು ಇಟ್ಟಿದ್ದ ಜನ ಕಿಕ್ಕಿರಿದಿದ್ದರು. ಯಾರೋ ಎಸೆದ ಕಲ್ಲು ಹುಬ್ಬಿಗೆ ಬಿದ್ದು ರಕ್ತ ಕಣ್ಣಿಗಿಳಿಯಿತು. ಆಗಲೇ ಚಿಕ್ಕವ್ವ ಗುಂಪು ಸೀಳಿಕೊಂಡು ಬಂದು ಜಡೆಗೆ ಕೈ ಹಾಕಿದ್ದು.

"ಎಲ್ಲೇ ನನ್ ದುಡ್ಡು? ದುಬೈನಾಗೆ ಹೂತಿಟ್ಬುಟ್ಯೇನೇ?"

"ನಂಗೇನೂ ಗೊತ್ತಿಲ್ಲ ಚಿಕ್ಕವ್ವ. ಸೈನ್ ಹಾಕು ಅಂದ್ರು, ಹಾಕ್ದೆ."

"ಇಂಗೆ ಮಾಡ್ಲಿ ಅಂತ ಓದ್ಸುದ್ನೇನೇ ನಿನ್ನ?"

ಕೆನ್ನೆಗೆ ಬಾರಿಸಿದಳು. ಬಿದ್ದವಳ ಪಕ್ಕೆಗೆ ಒದ್ದಳು. ಸುತ್ತಲಿದ್ದವರು "ಇನ್ನೂ ಹಾಕವ್ವ" ಎಂದು ಕೂಗುತ್ತಿದ್ದರು. ಅಲ್ಲಿಯವರೆಗೆ ಅಳುತ್ತಿದ್ದ ನನಗೆ ಎಂಥದೋ ರೋಷ ಬಂತು. ಎದ್ದವಳೇ ಎರಡೂ ಕೈಯಿಂದ ಅವಳ ಎದೆಗೆ ತಳ್ಳಿಬಿಟ್ಟೆ. ಮೆಟ್ಟಿಲುಗಳ ಮೇಲೆ ಉರುಳಿದಳು. ಅಷ್ಟು ಗಲಾಟೆಯಲ್ಲೂ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ಪೊಲೀಸರು ಇಬ್ಬರನ್ನೂ ಒಂದೇ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ದಾರಿಯಲ್ಲಿ ಅವಳ ಕಾಲು ಹಿಡಿಯಲು ಹೋದೆ. ಹಿಂದಕ್ಕೆಳೆದುಕೊಂಡಳು.

ಗೊತ್ತಿದ್ದುದನ್ನೆಲ್ಲ ಬರೆದುಕೊಟ್ಟ ಮೇಲೆ ನನ್ನನ್ನು ಸಾಕ್ಷಿಯೆಂದು ಸೇರಿಸಿಕೊಂಡರು. ಮಾಲೀಕರು ಇನ್ನೂ ಸಿಕ್ಕಿಲ್ಲ, ಚಿಕ್ಕವ್ವನ ದುಡ್ಡೂ ಬಂದಿಲ್ಲ. ಅವಳ ಮುಂಗೈ ಸೊಟ್ಟಗೆ ಕೂಡಿಕೊಂಡು ಹಾಲು ಕರೆಯಲು ಆಗದಂತಾಯಿತು. ಈಗ ನಾನು ಊರಿಗೆ ಮರಳಿದ್ದೇನೆ, ಎರಡು ಹೊತ್ತೂ ನಾನೇ ಕರೆದು ಡೈರಿಗೆ ಹಾಕಿ ಬರುತ್ತೇನೆ. ಮೊದಲ ದಿನ ಅವಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಕುಕ್ಕರಗಾಲಲ್ಲಿ ಕೂತಾಗ, "ಆ ಕರಿ ಹಸ ಒದೀತದೆ, ಉಸಾರು" ಎಂದಷ್ಟೇ ಹೇಳಿ ಒಳಗೆ ಹೋದಳು.